ಖಾಲಿ ಜಾಗ ಕಾಯುವ ಮಾರ್ಲಿಸ್

ಬೆಳಗಿನ ಐದೂವರೆ. ಸರೋವರದ ಕಡೆಯಿಂದ ಬೀಸುವ ಗಾಳಿಗೆ ದುಲುತ್ ಊರಿನ ಬಸ್ ತಂಗುದಾಣದ ಗಾಜುಗಳು ಗಡಗಡ ಅನ್ನುತ್ತಿವೆ. ಹಿಮ ಗೋರುವ ಲಾರಿ ಆಸ್ಪತ್ರೆಯ ಹಿಂಬದಿಗೆ ಇನ್ನೂ ಬಂದಿಲ್ಲ. ಅರವತ್ತಮೂರು ವರ್ಷದ ಮಾರ್ಲಿಸ್ ಲಾಹ್ತಿ ಬೂಟುಗಾಲಿನಿಂದಲೇ ಹಿಮವನ್ನು ಪಕ್ಕಕ್ಕೆ ತಳ್ಳಿ, ಹಿಂಬಾಗಿಲು ತೆರೆದು, ನೆಲಮಾಳಿಗೆಗೆ ಇಳಿಯುತ್ತಾರೆ. ಕೋಟು ಕಳಚುವುದಕ್ಕೂ ಮುಂಚೆ ಕಂಪ್ಯೂಟರಿನ ಗುಂಡಿ ಒತ್ತುತ್ತಾರೆ. ಹಳೆಯ ಯಂತ್ರ, ಎಚ್ಚರವಾಗಲು ಆರು ನಿಮಿಷ ಬೇಕು. ಅಷ್ಟರಲ್ಲಿ ಫ್ಲಾಸ್ಕಿನ ಕಾಫಿ, ಜೊತೆಗೆ ಏಲಕ್ಕಿ ಹಾಕಿದ ಪುಲ್ಲಾ ಬ್ರೆಡ್ಡಿನ ಒಂದು ತುಂಡು.

ಪರದೆಯ ಮೇಲೆ ಹೆಸರುಗಳ ಪಟ್ಟಿ ತೆರೆದುಕೊಳ್ಳುತ್ತದೆ. ಹೆಸರು, ಹುಟ್ಟಿದ ದಿನ, ಊರು, ಕೊನೆಗೆ ಅಲರ್ಜಿ. ಆ ಕೊನೆಯ ಚೌಕ ಪ್ರತಿಯೊಬ್ಬರದ್ದೂ ಖಾಲಿ. ಮಾರ್ಲಿಸ್ ಒಂದೊಂದೇ ಹೆಸರಿನ ಹಳೆಯ ಕಾಗದದ ಕಡತದ ಚಿತ್ರಗಳನ್ನು ತೆರೆದು, ನಲವತ್ತು ವರ್ಷದ ಹಿಂದೆ ಯಾರೋ ನರ್ಸ್ ಗೀಚಿದ ಅಕ್ಷರವನ್ನು ಬಲಗಣ್ಣಿನಿಂದ ಓದುತ್ತಾರೆ. ಎಡಗಣ್ಣು ಮೂರು ವರ್ಷದಿಂದ ಮಸುಕು. ಕಡತದಲ್ಲಿ ಏನೂ ಸಿಗದಿದ್ದರೆ ಫೋನ್ ನಂಬರನ್ನು ಒಂದು ಹಾಳೆಗೆ ಬರೆದುಕೊಳ್ಳುತ್ತಾರೆ. ಎಂಟು ಗಂಟೆಗೆ ಫೋನ್ ಎತ್ತುತ್ತಾರೆ.

ಇವತ್ತಿನ ಮೊದಲ ಕರೆ ಹಿಬ್ಬಿಂಗ್‌ನ ಒಬ್ಬ ಮುದುಕನಿಗೆ.

"ಏನಮ್ಮಾ, ಬೆಳಗ್ಗೆ ಬೆಳಗ್ಗೆ ಏನು ಮಾರೋಕೆ ಹೊರಟಿದ್ದೀರಿ?"

"ಏನೂ ಮಾರಲ್ಲ ಯಜಮಾನ್ರೇ. ಆಸ್ಪತ್ರೆಯಿಂದ ಮಾಡ್ತಿದ್ದೀನಿ. ಯಾವುದಾದ್ರೂ ಔಷಧಿ ನಿಮಗೆ ಆಗಲ್ವಾ ಅಂತ ಕೇಳಬೇಕಿತ್ತು."

"ನನ್ನ ಹೆಂಡ್ತಿ ಮಾಡೋ ಮೀನಿನ ಸೂಪು ಆಗಲ್ಲ. ಬರ್ಕೊಳ್ತೀರಾ?"

"ಬರ್ಕೊಂಡೆ. ಔಷಧಿ?"

"ಸಲ್ಫಾ ಮಾತ್ರೆ. ಎಪ್ಪತ್ತೆಂಟರಲ್ಲಿ ಮೈಯೆಲ್ಲ ಬೊಬ್ಬೆ ಎದ್ದು, ಚರ್ಮ ಕಿತ್ತು ಬಂದಿತ್ತು. ಕೊನೆ ಪ್ರಾರ್ಥನೆಗೆ ಅಂತ ಪಾದ್ರಿನೂ ಕರೆಸಿಬಿಟ್ಟಿದ್ರು. ಆಮೇಲೆ ಇದುವರೆಗೂ ಯಾರೂ ಕೇಳಿಲ್ಲ ನೋಡಿ."

ಮಾರ್ಲಿಸ್ ಚೌಕದಲ್ಲಿ ಸಲ್ಫಾ ಎಂದು ತುಂಬಿ, ಹೆಸರಿನ ಮುಂದೆ ಒಂದು ಗೆರೆ ಎಳೆದು, ಮುಂದಿನ ನಂಬರ್ ಒತ್ತುತ್ತಾರೆ.

ಅವರ ಕೊರಳಲ್ಲಿ ತೂಗುವ ಬಿಲ್ಲೆಯ ಮೇಲೆ ಆಂಟಾಲಜಿಸ್ಟ್ ಎಂದಿದೆ. ಇದನ್ನು ಆಸ್ಪತ್ರೆಯಲ್ಲಿ ಎಲ್ಲರೂ ಕ್ಯಾನ್ಸರ್ ವೈದ್ಯರಾದ ಆಂಕಾಲಜಿಸ್ಟ್ ಎಂದೇ ಓದುತ್ತಾರೆ. ಲಿಫ್ಟಿನಲ್ಲಿ ಅಪರಿಚಿತರು ಕೈ ಹಿಡಿದುಕೊಳ್ಳುತ್ತಾರೆ. "ಹೋದ ತಿಂಗಳು ಒಬ್ಬ ಹೆಂಗಸು ಗಂಡನ ಸ್ಕ್ಯಾನ್ ತೋರಿಸಿ, ನಿಜ ಹೇಳಿ ಡಾಕ್ಟ್ರೇ, ಎಷ್ಟು ದಿನ ಅಂತ ಕೇಳಿದ್ಲು. ನಾನು ಡಾಕ್ಟ್ರಲ್ಲಮ್ಮ, ಪದಗಳನ್ನ ನೋಡ್ಕೊಳ್ಳೋಳು ಅಂದೆ. ಅವಳ ಮುಖ ಹೇಗಾಯ್ತು ಗೊತ್ತಾ? ಅವತ್ತಿಂದ ಬಿಲ್ಲೆ ಒಳಗೆ ಹಾಕ್ಕೊಂಡು ಓಡಾಡ್ತೀನಿ," ಎನ್ನುತ್ತಾರೆ.

ಗಣಿ ಕೆಲಸಗಾರನ ಮಗಳು ಮಾರ್ಲಿಸ್ ಇಪ್ಪತ್ತೆರಡನೇ ವಯಸ್ಸಿಗೆ ಟೂ ಹಾರ್ಬರ್ಸ್‌ನ ಸಣ್ಣ ಆಸ್ಪತ್ರೆಗೆ ಕಡತ ಜೋಡಿಸುವ ಕೆಲಸಕ್ಕೆ ಸೇರಿದರು. ಕಾಲೇಜು ಮೆಟ್ಟಿಲು ಹತ್ತಿಲ್ಲ. ಕಂಪ್ಯೂಟರ್ ಬಂದಾಗ, ಯಾವ ವೈದ್ಯ ಯಾವುದಕ್ಕೆ ಏನಂತಾನೆ ಎಂದು ಬಲ್ಲವರು ಯಾರು ಎಂಬ ಪ್ರಶ್ನೆ ಎದ್ದಿತು. ಎಲ್ಲರೂ ಮಾರ್ಲಿಸ್ ಕಡೆ ಬೆರಳು ತೋರಿಸಿದರು. ಎಂ.ಎಸ್. ಎಂಬ ಎರಡಕ್ಷರ ನರರೋಗದ ವಾರ್ಡಿನಲ್ಲಿ ಒಂದು ಕಾಯಿಲೆ, ಹೃದಯದ ವಾರ್ಡಿನಲ್ಲಿ ಕವಾಟದ ತೊಂದರೆ, ಔಷಧ ವಿಭಾಗದಲ್ಲಿ ಮಾರ್ಫಿನ್. ಇಂಥ ಒಂಬತ್ತು ಸಾವಿರ ಪದಗಳನ್ನು ಅವರು ಬಿಡಿಸಿ, ಯಾವುದು ಯಾವುದರ ಬಗೆ, ಯಾವುದು ಯಾವುದರ ಭಾಗ ಎಂದು ಗೆರೆ ಎಳೆದು ಜೋಡಿಸಿದರು. ಸಣ್ಣ ಆಸ್ಪತ್ರೆಯನ್ನು ಹನ್ನೊಂದು ಆಸ್ಪತ್ರೆಗಳ ಸಮೂಹವೊಂದು ನುಂಗಿಕೊಂಡಾಗ ಆ ಜೋಡಣೆಗೆ ಆಂಟಾಲಜಿ ಎಂದೂ ಅವರಿಗೆ ಆಂಟಾಲಜಿಸ್ಟ್ ಎಂದೂ ಹೆಸರಾಯಿತು. "ಹೆಸರು ಬಂತು, ಕಿಟಕಿ ಬರಲಿಲ್ಲ," ಎಂದು ನೆಲಮಾಳಿಗೆಯ ಗೋಡೆ ನೋಡುತ್ತಾರೆ.

ನಾಲ್ಕು ವರ್ಷದ ಹಿಂದಿನ ಮಾರ್ಚ್ ತಿಂಗಳ ಒಂದು ಸಭೆಯ ಬಗ್ಗೆ ಅವರು ತಾವಾಗಿ ಹೇಳುವುದಿಲ್ಲ. ಕೇಳಿದರೆ ಮರೆಮಾಚುವುದೂ ಇಲ್ಲ. ಹನ್ನೊಂದೂ ಆಸ್ಪತ್ರೆಗಳ ದಾಖಲೆಯನ್ನು ಒಂದೇ ಕಡೆ ತರುವ ಕೆಲಸ ಕೊನೆಯ ಹಂತದಲ್ಲಿತ್ತು. ನಾಲ್ಕನೇ ಮಹಡಿಯ ಕೋಣೆಯಲ್ಲಿ ನಾಲ್ಕು ಜನ ಕೂತಿದ್ದರು. ದಾಖಲೆಗಳ ಕೋಠಿ ಅಂದರೆ ಡೇಟಾಬೇಸ್ ನೋಡಿಕೊಳ್ಳುವ ಕರ್ಟಿಸ್ ನೈಗಾರ್ಡ್, ವಿಶ್ವವಿದ್ಯಾಲಯದಿಂದ ಬಂದ ತರ್ಕಶಾಸ್ತ್ರದ ಪ್ರೊಫೆಸರ್ ವಾಸ್, ಹುಡುಕುವ ಯಂತ್ರ ತಯಾರಿಸುವ ತಂಡದ ಒಬ್ಬ ತರುಣಿ, ಮತ್ತು ಮಾರ್ಲಿಸ್. ಆಂಟಾಲಜಿ ಸಿದ್ಧವಾಗಿದೆ ಎಂಬ ಒಂದು ಸಾಲಿನ ಪತ್ರ ಮೇಜಿನ ಮೇಲಿತ್ತು. ನಾಲ್ವರೂ ತಲೆಯಾಡಿಸಿದರು, ನಾಲ್ವರೂ ಸಹಿ ಹಾಕಿದರು. ಹನ್ನೆರಡು ನಿಮಿಷದಲ್ಲಿ ಸಭೆ ಮುಗಿಯಿತು.

"ಜಗಳ ಆಗಿದ್ರೆ ಒಳ್ಳೇದಿತ್ತು," ಎನ್ನುತ್ತಾರೆ ಮಾರ್ಲಿಸ್. "ಒಂದೇ ಪದ, ನಾಲ್ಕು ಜನ, ನಾಲ್ಕು ಅರ್ಥ. ಪ್ರೊಫೆಸರಿಗೆ ಆಂಟಾಲಜಿ ಅಂದ್ರೆ ಲೋಕದಲ್ಲಿ ಏನೇನಿದೆ ಅಂತ ತಪ್ಪಿಲ್ಲದೆ ಹೇಳೋ ವಾಕ್ಯಗಳು. ಹೇಳದೆ ಬಿಟ್ಟಿದ್ದು ಅವರ ಪ್ರಕಾರ ಗೊತ್ತಿಲ್ಲದ್ದು ಅಷ್ಟೇ, ಇಲ್ಲದ್ದು ಅಲ್ಲ. ಕರ್ಟಿಸ್‌ಗೆ ಅದು ಕೋಷ್ಟಕಗಳ ನಕ್ಷೆ. ಕೋಷ್ಟಕದಲ್ಲಿ ಇಲ್ಲ ಅಂದ್ರೆ ಇಲ್ಲ, ಮುಗೀತು. ಬಸ್ಸಿನ ವೇಳಾಪಟ್ಟೀಲಿ ಹತ್ತೂವರೆ ಬಸ್ಸಿಲ್ಲ ಅಂದ್ರೆ ಇಲ್ಲ ತಾನೇ, ಹಾಗೆ. ಆ ಹುಡುಗಿಗೆ ಯಾವ ಪದದ ಪಕ್ಕ ಯಾವ ಪದ ಹೆಚ್ಚಾಗಿ ಬರುತ್ತೆ ಅನ್ನೋ ಬಲೆ. ನನಗೆ? ನರ್ಸ್ ಒತ್ತಿದ ಪದ ಡಾಕ್ಟರಿಗೆ ಅದೇ ಅರ್ಥದಲ್ಲಿ ತಲುಪಿದ್ರೆ ಸಾಕು. ಯಾರೂ ಸುಳ್ಳು ಹೇಳಲಿಲ್ಲ. ಯಾರೂ ಇನ್ನೊಬ್ಬರನ್ನ ನೀನೇನು ಅಂದ್ಕೊಂಡಿದ್ದೀಯ ಅಂತ ಕೇಳಲಿಲ್ಲ. ನಾನೂ ಕೇಳಲಿಲ್ಲ."

ಹಳೆಯ ಕಡತಗಳಲ್ಲಿ ಅಲರ್ಜಿಯ ಚೌಕ ಖಾಲಿ ಇದ್ದರೆ, ರೋಗಿಯನ್ನು ಯಾರೂ ಕೇಳಿಲ್ಲ ಎಂದೋ ಕಾಗದದಿಂದ ಇನ್ನೂ ಎತ್ತಿ ಬರೆದಿಲ್ಲ ಎಂದೋ ಅರ್ಥ. ಹೊಸ ಕೋಠಿಗೆ ಬಂದಾಗ ಅದೇ ಖಾಲಿ ಜಾಗ ಪರದೆಯ ಮೇಲೆ "ಅಲರ್ಜಿ: ಇಲ್ಲ" ಎಂದು ಹಸಿರು ಅಕ್ಷರದಲ್ಲಿ ಮೂಡಿತು.

ಒಂಬತ್ತು ತಿಂಗಳ ನಂತರ ಆರ್ಲೋ ಸೆವರ್ಸನ್ ಎಂಬ ಶಾಲಾ ಬಸ್ ಚಾಲಕ ಕಾಲಿನ ಕೀವು ಹುಣ್ಣಿನಿಂದ ಜ್ವರ ಏರಿ ಆಸ್ಪತ್ರೆಗೆ ಬಂದರು. ಐವತ್ತೆಂಟು ವಯಸ್ಸು. ಜ್ವರದ ಅಮಲಿನಲ್ಲಿ ಅವರಿಗೆ ತಮ್ಮ ಹೆಸರು ಹೇಳುವುದೇ ಕಷ್ಟವಾಗಿತ್ತು. ಪರದೆ ಇಲ್ಲ ಎಂದಿತು, ನರ್ಸ್ ಪರದೆಯನ್ನು ನಂಬಿದಳು, ಪೆನ್ಸಿಲಿನ್ ಸೇರಿದ ಔಷಧಿ ನರಕ್ಕೆ ಇಳಿಯಿತು. ನಲವತ್ತು ನಿಮಿಷದಲ್ಲಿ ಆರ್ಲೋ ತೀರಿಕೊಂಡರು. ಟೂ ಹಾರ್ಬರ್ಸ್‌ನ ಹಳೆಯ ಕಡತ ತೆಗೆದು ನೋಡಿದಾಗ ಮೊದಲ ಪುಟದ ಮೇಲ್ಭಾಗದಲ್ಲೇ ಕೆಂಪು ಶಾಯಿಯಲ್ಲಿ ಪೆನ್ಸಿಲಿನ್ ಎಂದಿತ್ತು, ಕೆಳಗೆ ಎರಡು ಗೆರೆ.

"ಕೈಬರಹ ನನ್ನದೇ," ಎನ್ನುತ್ತಾರೆ ಮಾರ್ಲಿಸ್. "ಎಂಬತ್ತೇಳರಲ್ಲಿ ಬರೆದದ್ದು."

ಮನೆಯವರ ಜೊತೆ ಯಾರೂ ಮಾತಾಡಕೂಡದು ಎಂದು ಸಮೂಹದ ವಕೀಲರು ಎಲ್ಲರಿಗೂ ತಿಳಿಸಿದ್ದರು. ಹದಿನೈದು ದಿನ ಮಾರ್ಲಿಸ್ ಸುಮ್ಮನಿದ್ದರು. ಹದಿನಾರನೇ ದಿನ, ಒಂದು ಭಾನುವಾರ, ಕಾರು ತೆಗೆದುಕೊಂಡು ಸರೋವರದ ದಂಡೆಯುದ್ದಕ್ಕೂ ಹೋಗಿ ಆರ್ಲೋ ಮನೆಯ ಬಾಗಿಲು ತಟ್ಟಿದರು. ತೆರೆದದ್ದು ಹೆಂಡತಿ ಡಿಯಾನಾ.

"ನೀವು ಡಾಕ್ಟ್ರಾ?"

"ಅಲ್ಲ. ಅಲ್ಲಿ ಪರದೆ ಮೇಲೆ ಬರೋ ಪದಗಳ ಕೆಲಸ ನಂದು. ನಿಮ್ಮ ಯಜಮಾನ್ರ ಕಡತದಲ್ಲಿ ಒಂದು ಜಾಗ ಖಾಲಿ ಇತ್ತು. ಅದು ಇಲ್ಲ ಅಂತ ಆಯ್ತು. ಹಾಗಾಗಬಹುದು ಅಂತ ನನಗೆ ಹೊಳೀಬೇಕಿತ್ತು."

ಡಿಯಾನಾ ಬಾಗಿಲ ಚೌಕಟ್ಟು ಹಿಡಿದು ನಿಂತರು. "ನಾನು ಅಲ್ಲೇ ಇದ್ನಲ್ರೀ. ಕಾರು ನಿಲ್ಲಿಸಿ ಬಂದು ಹೊರಗಡೆ ಕುರ್ಚಿ ಮೇಲೆ ಕೂತಿದ್ದೆ. ಪೆನ್ಸಿಲಿನ್ ಆಗಲ್ಲ ಅಂತ ನನಗೆ ಮದುವೆಯಾದ ವರ್ಷದಿಂದ ಗೊತ್ತು. ನನ್ನನ್ನ ಒಂದು ಮಾತು ಕೇಳೋಕೆ ಏನಾಗಿತ್ತು ನಿಮಗೆಲ್ಲ?"

ಬಾಗಿಲು ಮುಚ್ಚಿಕೊಂಡಿತು. ಮತ್ತೆ ಅವರಿಬ್ಬರು ಭೇಟಿಯಾಗಿಲ್ಲ. ಮಾರ್ಲಿಸ್ ಕಳಿಸಿದ ಎರಡು ಕಾಗದಗಳೂ ಒಡೆಯದೆ ವಾಪಸು ಬಂದವು. ವಾರದೊಳಗೆ, ಅನುಮತಿಯಿಲ್ಲದೆ ಮೃತರ ಮನೆಗೆ ಹೋದದ್ದಕ್ಕೆ ಎಚ್ಚರಿಕೆಯ ಪತ್ರವೂ ಬಂತು.

ಖಾಲಿ ಚೌಕ ತುಂಬುವ ಈ ಕೆಲಸ ಶುರುವಾದದ್ದು ಆ ಎಚ್ಚರಿಕೆಯ ಪತ್ರ ಬಂದ ಮರುದಿನವೇ. ಖಾಲಿ ಚೌಕವಿದ್ದ ಹೆಸರುಗಳು ಎಷ್ಟಿವೆ ಎಂದು ಕರ್ಟಿಸ್ ಹುಡುಕಿಕೊಟ್ಟರು: ಮೂವತ್ತೆಂಟು ಸಾವಿರದ ನಾಲ್ಕುನೂರು. "ನಮ್ಮ ಕಡೆ ಅದನ್ನ ತಪ್ಪು ಅಂತಾನೇ ಅನ್ನಲ್ಲ, ಮಾರ್ಲಿಸ್. ಮೂವತ್ತು ವರ್ಷದಿಂದ ಹೀಗೇ ಮಾಡ್ತಾ ಬಂದಿದ್ದೀನಿ. ಖಾಲಿ ಅಂದ್ರೆ ಇಲ್ಲ," ಎಂದಿದ್ದರು. ಆಮೇಲೆ ಇಬ್ಬರೂ ಕೂತು ಪರದೆಗೆ ಒಂದು ಮೂರನೇ ಪದ ಸೇರಿಸಿದರು. ಇದೆ, ಇಲ್ಲ, ಕೇಳಿಲ್ಲ. ಕೇಳಿಲ್ಲ ಎಂದಿದ್ದರೆ ನರ್ಸ್ ಕೇಳದೆ ಮುಂದಕ್ಕೆ ಹೋಗುವಂತಿಲ್ಲ. ನಾಲ್ಕು ಆಸ್ಪತ್ರೆಗಳು ಅದನ್ನು ಒಪ್ಪಿದವು. ಉಳಿದ ಏಳು, ಒಂದು ಹೆಚ್ಚಿನ ಗುಂಡಿ ಒತ್ತಲು ನರ್ಸುಗಳಿಗೆ ಪುರುಸೊತ್ತಿಲ್ಲ ಎಂದವು. ಅಲ್ಲಿನ ಪರದೆಯಲ್ಲಿ ಖಾಲಿ ಚೌಕ ಇವತ್ತಿಗೂ ಇಲ್ಲ ಎಂದೇ ಕಾಣುತ್ತದೆ.

ಹಾಗಾಗಿ ಮಾರ್ಲಿಸ್ ಒಬ್ಬೊಬ್ಬರನ್ನೇ ಕೇಳುತ್ತಿದ್ದಾರೆ. ದಿನಕ್ಕೆ ಐವತ್ತು ಅರವತ್ತು ಕರೆ. ಮೂವತ್ತು ಹೆಸರು ಇತ್ಯರ್ಥವಾದರೆ ಒಳ್ಳೆಯ ದಿನ. ಮೂರು ವರ್ಷದಲ್ಲಿ ಹದಿನೆಂಟು ಸಾವಿರದ ಹತ್ತಿರ ಬಂದಿದ್ದಾರೆ. ಅವರಲ್ಲಿ ಸಾವಿರದ ಏಳುನೂರು ಮಂದಿಗೆ ಒಂದಲ್ಲ ಒಂದು ಔಷಧಿ ಆಗುವುದಿಲ್ಲ. ಪರದೆಯಲ್ಲಿ ಅಷ್ಟೂ ಜನರಿಗೆ ಇಲ್ಲ ಎಂದಿತ್ತು. ಎರಡು ಸಾವಿರ ಚಿಲ್ಲರೆ ಮಂದಿ ಕರೆ ಹೋಗುವ ಹೊತ್ತಿಗೆ ಬದುಕಿರಲಿಲ್ಲ.

"ಫೋನ್ ಎತ್ತಿದವರು ಅವರಿಲ್ಲಮ್ಮ, ತೀರಿಹೋದ್ರು ಅಂತಾರೆ. ಹೇಗೆ ಅಂತ ಕೇಳೋ ಹಕ್ಕು ನನಗಿಲ್ಲ. ಆದ್ರೂ ಕೇಳ್ತೀನಿ. ಹೃದಯ ಅಂದ್ರೆ, ಕ್ಯಾನ್ಸರ್ ಅಂದ್ರೆ, ಸದ್ಯ ಅಂತ ಒಂದು ಉಸಿರು ಬಿಡ್ತೀನಿ. ಇಂಥ ಉಸಿರು ಬಿಡೋಕೆ ನಾಚಿಕೆ ಆಗಬೇಕು ನನಗೆ," ಎಂದು ಕಾಫಿ ಲೋಟ ತಿರುಗಿಸುತ್ತಾರೆ. ಇಬ್ಬರ ಮನೆಯವರು ಮಾತ್ರ ಬೇರೆ ಉತ್ತರ ಕೊಟ್ಟರು: ಆಸ್ಪತ್ರೆಯಲ್ಲಿ ಔಷಧಿ ಕೊಟ್ಟ ಮೇಲೆ ಎಂದು. ಆ ಎರಡು ಹೆಸರನ್ನು ಮಾರ್ಲಿಸ್ ಬರೆದು ಮೇಲಿನವರಿಗೆ ಕಳಿಸಿದ್ದಾರೆ. ವಿಚಾರಣೆ ನಡೆಯುತ್ತಿದೆ ಎಂಬ ಎರಡು ಸಾಲಿನ ಉತ್ತರ ಬಂದು ಹದಿನಾಲ್ಕು ತಿಂಗಳಾಯಿತು.

ಬೈದವರೂ ಇದ್ದಾರೆ. ಕೆಲವರು ಮೋಸದ ಕರೆ ಎಂದು ಪೊಲೀಸರಿಗೆ ದೂರು ಕೊಟ್ಟಿದ್ದಾರೆ. ಕ್ಲೋಕೆ ಕಡೆಯ ಒಬ್ಬ ಅಜ್ಜಿ ಮಾತ್ರ ಪ್ರತಿ ಮಂಗಳವಾರ ತಾವೇ ಫೋನ್ ಮಾಡಿ, "ಇವತ್ತೂ ನನಗೇನೂ ಅಲರ್ಜಿ ಇಲ್ಲ ಕಣೇ ಹುಡುಗಿ," ಎಂದು ವರದಿ ಒಪ್ಪಿಸುತ್ತಾರೆ. ಆ ಹೊತ್ತಿಗೆ ಮಾರ್ಲಿಸ್ ನಗುವುದು ಪಕ್ಕದ ಬಟ್ಟೆ ಒಗೆಯುವ ಕೋಣೆಯವರೆಗೂ ಕೇಳುತ್ತದೆ.

ಈಗ ಆ ಕೆಲಸಕ್ಕೂ ಕುತ್ತು ಬಂದಿದೆ. ಸಮೂಹ ಹೊಸ ಯಂತ್ರವೊಂದನ್ನು ಕೊಂಡಿದೆ. ಅದು ಲಕ್ಷಾಂತರ ದಾಖಲೆ ಓದಿ, ಇಂಥ ವಯಸ್ಸಿನ, ಇಂಥ ಊರಿನ ಮನುಷ್ಯನಿಗೆ ಅಲರ್ಜಿ ಇರುವ ಸಂಭವ ಎಷ್ಟು ಎಂದು ಊಹಿಸಿ ಖಾಲಿ ಚೌಕಗಳನ್ನೆಲ್ಲ ಒಂದು ಮಧ್ಯಾಹ್ನದಲ್ಲಿ ತುಂಬಬಲ್ಲದು. ಅದರ ಹೊಟ್ಟೆಯೊಳಗಿರುವ ಪದಗಳ ಬಲೆಗೂ ಆಂಟಾಲಜಿ ಎಂದೇ ಹೆಸರು. ಫೆಬ್ರವರಿಯಲ್ಲಿ ನಿರ್ದೇಶಕಿ ಮಾರ್ಲಿಸ್ ಅವರನ್ನು ಮೇಲಕ್ಕೆ ಕರೆಸಿ ಒಪ್ಪಿಗೆ ಪತ್ರ ಮುಂದಿಟ್ಟರು.

"ಯಂತ್ರ ಬಹುಶಃ ಇಲ್ಲ ಅನ್ನುತ್ತೆ, ಸರಿ. ಪರದೆಯಲ್ಲಿ ಬಹುಶಃ ಅನ್ನೋದಕ್ಕೆ ಜಾಗ ಎಲ್ಲಿದೆ?" ಎಂದು ಮಾರ್ಲಿಸ್ ಕೇಳಿದರು.

"ಅದು ಬರಲ್ಲ. ಹೊಸ ಯಂತ್ರ ತುಂಬೋದು ಇದೆ ಅಥವಾ ಇಲ್ಲ, ಎರಡರಲ್ಲಿ ಒಂದು."

"ಹಾಗಾದ್ರೆ ನನ್ನ ಸಹಿ ಬೇಡ ಮೇಡಂ."

"ನೂರಕ್ಕೆ ತೊಂಬತ್ತು ಸಲ ಅದು ಸರಿ ಇರುತ್ತೆ, ಮಾರ್ಲಿಸ್."

"ಇರಬಹುದು. ನಾನು ಉಳಿದ ಹತ್ತು ಜನಕ್ಕೆ ಫೋನ್ ಮಾಡ್ತಿದ್ದೀನಿ. ಅವರು ಯಾರು ಅಂತ ಗೊತ್ತಿಲ್ದೆ ಇರೋದ್ರಿಂದ ನೂರೂ ಜನಕ್ಕೆ ಮಾಡಬೇಕಾಗಿದೆ."

ಮಾತು ಅಲ್ಲಿಗೇ ನಿಂತಿತು. ಜೂನ್ ಮೂವತ್ತಕ್ಕೆ ನೆಲಮಾಳಿಗೆಯ ಕಚೇರಿ ಮುಚ್ಚುತ್ತದೆ. ಕರ್ಟಿಸ್ ಅವರನ್ನು ಬೇರೆ ಕೆಲಸಕ್ಕೆ ಹಾಕಿಯಾಗಿದೆ. ಪ್ರೊಫೆಸರ್ ವಾಸ್ ಈ ಪ್ರಕರಣದ ಮೇಲೆ ಒಂದು ಪ್ರಬಂಧ ಮಂಡಿಸಿದ್ದಾರೆ. ಅದರಲ್ಲಿ ಆರ್ಲೋ ಹೆಸರಿಲ್ಲ, ಬರೀ ಎರಡನೇ ಉದಾಹರಣೆ ಎಂದಿದೆ. ಈಗಿನ ಲೆಕ್ಕದಲ್ಲಿ ಮಾರ್ಲಿಸ್ ಕೊನೆಯ ದಿನದವರೆಗೂ ಒಂದು ದಿನ ರಜೆ ಹಾಕದೆ ಕೂತರೂ ಹದಿನೆಂಟು ಸಾವಿರ ಹೆಸರು ಉಳಿದೇ ಉಳಿಯುತ್ತವೆ.

ಬೀಳ್ಕೊಡುಗೆಗೆ ಏನು ಬೇಕು ಎಂದು ಸಿಬ್ಬಂದಿ ವಿಭಾಗದವರು ಹೋದ ವಾರ ಕೇಳಿದ್ದಾರೆ. ಕೇಕು, ಹೂವು, ಗೋಡೆ ಗಡಿಯಾರ ಯಾವುದೂ ಬೇಡ ಎಂದು ಮಾರ್ಲಿಸ್ ಒಂದೇ ಒಂದು ಕೋರಿಕೆ ಬರೆದು ಕೊಟ್ಟಿದ್ದಾರೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.

"ನಾನು ಮುಟ್ಟೋಕಾಗದೆ ಉಳಿದ ಚೌಕಗಳನ್ನ ಯಾರೂ ತುಂಬಬೇಡಿ, ಪರದೇಲಿ ಇಲ್ಲ ಅಂತ ತೋರಿಸಲೂಬೇಡಿ ಅಂತ ಬರ್ದಿದ್ದೀನಿ," ಎನ್ನುತ್ತಾ ಅವರು ಹಾಳೆಯ ಮೇಲಿನ ಮುಂದಿನ ನಂಬರಿಗೆ ಬೆರಳಿಡುತ್ತಾರೆ. "ಗೊತ್ತಿಲ್ಲದ್ದು ಗೊತ್ತಿಲ್ಲ ಅಂತಾನೇ ಉಳೀಲಿ. ಖಾಲಿ ಇದ್ರೆ, ನನ್ನ ನಂತರ ಯಾರಾದ್ರೂ ಒಬ್ಬರಿಗೆ ಅನುಮಾನ ಬಂದು ಫೋನ್ ಎತ್ತಬಹುದು. ತುಂಬಿಬಿಟ್ರೆ ಯಾರು ಕೇಳ್ತಾರೆ?"