ಅಣ್ಣನ ಕಿವಿಗೊಂದು ಮೀಟರ್

ಪೇಟೆಯ ಸೂಪರ್ ಮಾರ್ಕೆಟ್ ಬೀದಿಯ ಮಷೀನ್ ಸಾಮಾನಿನ ಅಂಗಡಿಯಲ್ಲಿ ಪೆಟ್ರೋಲು, ಆಯಿಲು ಬೆರೆತ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮೂರು ಕಮಲಾಪುರದ ಮನೆಯ ಅಂಗಳ ಕಣ್ಣೆದುರು ಬಂತು. ಅಂಗಡಿಯವನು ಗಾಜಿನ ಮೇಲೆ ಎರಡು ಟ್ಯಾಕೋಮೀಟರ್ ಇಟ್ಟು ಕಾಯುತ್ತಿದ್ದ. ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂದು ತೋರಿಸುವ ಸಾಧನ. ಬದನೆಕಾಯಿ ಆರಿಸಲೂ ಅರ್ಧ ಸಂತೆ ಸುತ್ತುವವನು ನಾನು. ಅವನಿಗೆ ಆಗಲೇ ಬೇಸರ ಬಂದಿತ್ತು.

"ಎರಡೂ ಚಲೋ ಅದಾವ್ರೀ ಸಾಹೇಬ್ರ. ಬೈಕಿಗೇನ್ರಿ?"

"ಅಲ್ರೀ, ಮರ ಕೊಯ್ಯೋ ಮಷೀನಿಗಿ. ಮನ್ಯಾಗ ಎರಡು ಅದಾವ."

ಅಗ್ಗದ್ದು ಹತ್ತು ಸಾವಿರದೊಳಗಿನ ಲೆಕ್ಕವನ್ನಷ್ಟೇ ತೋರಿಸುತ್ತದೆ. ನಮ್ಮ ಚೈನ್ ಸಾಗಳು ಪೂರ್ತಿ ರೇಸ್‌ನಲ್ಲಿ ಅದನ್ನು ದಾಟುತ್ತವೆ. ಅದರ ತಂತಿಯನ್ನು ಪ್ಲಗ್ಗಿನ ವೈರಿಗೆ ಸುತ್ತಬೇಕು ಬೇರೆ. ಇನ್ನೊಂದನ್ನು ಇಂಜಿನ್ ಹತ್ತಿರ ಹಿಡಿದರೆ ಸಾಕು, ಅಂಕಿಗಳೂ ದಪ್ಪ. ಆದರೆ, ನಿಮ್ಮ ಹತ್ತಿರ ಏನು ಮುಚ್ಚುಮರೆ, ನನ್ನ ಚಿಂತೆ ಮೀಟರಿನದಾಗಿರಲಿಲ್ಲ. ಅದನ್ನು ಅಣ್ಣನ ಮುಂದೆ ಯಾವ ಮುಖದಿಂದ ಇಡುವುದು?

ಹೊಲದ ಬದುವಿನ ಜಾಲಿ ಕಡಿಯಲೆಂದು ಮೊದಲ ಮಷೀನ್ ತಂದ ಕಾಲದಿಂದ ಅಣ್ಣ ಕಿವಿಯಿಂದಲೇ ಟ್ಯೂನ್ ಮಾಡಿದವನು. ಕಣ್ಣು ಮುಚ್ಚಿ, ತಲೆ ವಾಲಿಸಿ, ಕಾರ್ಬ್ಯುರೇಟರಿನ ಸ್ಕ್ರೂ ಎಳ್ಳಷ್ಟು ತಿರುಗಿಸುವನು. "ತೆಳ್ಳಗ ಒದರಿದ್ರ ಪಿಸ್ಟನ್ ಹಿಡ್ಕೋತದ. ಒಂಚೂರು ಒಡಕು ದನಿ ಇರಬೇಕು. ಕೇಳಸ್ತೇನು?" ನನಗೆ ಬರೀ ಗದ್ದಲ ಕೇಳುತ್ತಿತ್ತು. "ಕೇಳಸ್ತು ಅಣ್ಣಾ" ಎನ್ನುತ್ತಿದ್ದೆ. ಇದೇ ಕಿವಿಯ ಮನುಷ್ಯ ಭಜನೆಯಲ್ಲಿ ಒಂದು ಸಾಲನ್ನೂ ಶ್ರುತಿಯಲ್ಲಿ ಹಾಡಲಿಲ್ಲ. ಅವನು ಬಾಯಿ ತೆರೆದರೆ ಉಳಿದವರು ಜೋರಾಗಿ ತಾಳ ಕುಟ್ಟಿ ಆ ದನಿಯನ್ನು ಮುಚ್ಚುತ್ತಿದ್ದರು.

ಹೋದ ತಿಂಗಳು ನಾನು ಊರಿಗೆ ಹೋದಾಗ ಅಣ್ಣ ಟ್ಯೂನ್ ಮುಗಿಸಿ, ಮಷೀನನ್ನು ಚಾಲೂ ಇದ್ದಂತೆಯೇ ಕಾಲ ಬಳಿ ಇಟ್ಟ. ರೇಸ್ ಬಿಟ್ಟ ಮೇಲೆ ಚೈನ್ ನಿಲ್ಲಬೇಕು. ಅದು ತಿರುಗುತ್ತಲೇ ಇತ್ತು, ಅವನ ಧೋತರದ ಅಂಚಿಗೆ ಗೇಣು ದೂರದಲ್ಲಿ. ನಾನು ಹಾರಿ ಸ್ವಿಚ್ ಬಂದ್ ಮಾಡಿದೆ.

"ಯಾಕೋ? ಸಣ್ಣಗ ನಡದಿತ್ತಲ್ಲ!" ಎಂದು ಸಿಟ್ಟಾದ.

ಆಮೇಲೆ ಅವನ ಹೆಂಡತಿ, ನಮ್ಮ ವೈನಿ, ನನಗೆ ಬಡಿಸುತ್ತ ಹೇಳಿದರು: "ಜೋರ್ ಮಾತಾಡಿದ್ರ ನಿಮ್ಮಣ್ಣ ಒದರ್ತಿ ಅಂತಾರ, ಮೆಲ್ಲಕ ಆಡಿದ್ರ ಗೊಣಗ್ತಿ ಅಂತಾರ. ನಾ ಹ್ಯಾಂಗ ಮಾತಾಡ್ಲಿ ಹೇಳ್ರಿ." ಅಂದಿನಿಂದ ಕಮಲಾಪುರದ ಫೋನ್ ಬಂದರೆ ಮೊದಲು "ಅಣ್ಣ ಆರಾಮ ಅದಾನೇನ್ರಿ?" ಎಂದೇ ಕೇಳುತ್ತೇನೆ. ಅಣ್ಣನ ಕಾಲು ಉಳಿಯಬೇಕು, ಮಾನವೂ ಉಳಿಯಬೇಕು.

ಕೈಯಲ್ಲಿ ಹಿಡಿಯುವುದನ್ನೇ ಕೊಂಡೆ. ಅವನು ಸ್ಕ್ರೂ ತಿರುಗಿಸುವಾಗ ಮೀಟರ್ ಹಿಡಿಯುವ ನೆಪಕ್ಕಾದರೂ ನಾನು ಪಕ್ಕದಲ್ಲಿರಬಹುದಲ್ಲ. ಮಧ್ಯಾಹ್ನವೇ ಕಮಲಾಪುರ ಮುಟ್ಟಿ, "ನಾ ಕಲೀಬೇಕಂತ ತಂದೀನಿ" ಎಂದು ಸುಳ್ಳು ಬಿಟ್ಟೆ. ಅಣ್ಣ ಮೀಟರನ್ನು ಹೊರಳಿಸಿ ನೋಡಿದ. ಹಗ್ಗ ಎಳೆದು ಮಷೀನ್ ಚಾಲೂ ಮಾಡಿದ. ನಾನು ಮೀಟರ್ ಹಿಡಿದೆ. ಅಂಕಿ ನಾಲ್ಕು ಸಾವಿರದ ಹತ್ತಿರ. ರೇಸ್ ಇಲ್ಲದಾಗ ಇರಬೇಕಾದ್ದು ಮೂರು ಸಾವಿರದೊಳಗೆ. ಅವನು ಅಂಕಿ ನೋಡುತ್ತ ಸ್ಕ್ರೂ ಸಡಿಲಿಸಿದ. ಚೈನ್ ನಿಂತಿತು.

ಮಷೀನ್ ಬಂದ್ ಮಾಡಿ, ಕೈ ಒರೆಸಿಕೊಂಡು, ನನ್ನ ಕಿವಿಯ ಹತ್ತಿರ ಬಾಯಿ ತಂದ.

"ವರ್ಷಾತು ತಮ್ಮಾ, ನಂಗ ನೆಟ್ಟಗ ಕೇಳಸವಲ್ದು. ನಿಮ್ಮ ವೈನಿಗಿ ಹೇಳಬ್ಯಾಡ."

ಗುಟ್ಟು ಹೇಳುತ್ತಿದ್ದೇನೆಂದೇ ಅವನು ತಿಳಿದಿದ್ದ. ಎದುರು ಮನೆಯವರು ಕಿಟಕಿ ತೆರೆದು ನೋಡುವಷ್ಟು ಜೋರಾಗಿತ್ತು ಆ ದನಿ. ಅವನ ಬೆನ್ನ ಹಿಂದೆಯೇ, ಹೊಸ್ತಿಲಲ್ಲಿ, ವೈನಿ ನಿಂತಿದ್ದರು.

"ಹೇಳೂದಿಲ್ಲ ಅಣ್ಣಾ" ಎಂದೆ, ದನಿ ಎತ್ತರಿಸಿ.

ವೈನಿ ಬಳೆ ಸದ್ದಾಗದಂತೆ ಮುಂಗೈ ಒತ್ತಿ ಹಿಡಿದುಕೊಂಡು ಒಳಗೆ ಹೋದರು.