ಕಹಿ ಮೊಸರನ್ನ

"ಲೋ ಡಾಕ್ಟ್ರೇ, ಇನ್ನೂ ಬರ್ಲಿಲ್ವಲ್ಲೋ" ಅಂದ್ಲು ಅಕ್ಕ. ಆಸ್ಪತ್ರೆ ಮಂಚದ ಮೇಲೆ ಕೂತಿದ್ಲು, ತಲೆ ತುಂಬ ವೈರು. ಬರ್ಬೇಕಾಗಿದ್ದಿದ್ದು ಫಿಟ್ಸ್.

ನಾನೇನು ಡಾಕ್ಟ್ರಲ್ಲ ಗುರು. ಪಿಯುಸಿ ಆದ್ಮೇಲೆ ಮೊಬೈಲಲ್ಲಿ ವಿಡಿಯೋ ನೋಡಿ ನೋಡಿ ಮೆದುಳಿನ ಬಗ್ಗೆ ಕಲ್ತವ್ನು, ಅಷ್ಟೇ. ಅದಕ್ಕೇ ಅಕ್ಕಂಗೆ ತಮಾಷೆ.

ಅವಳಿಗೆ ಒಂಬತ್ತನೇ ವಯಸ್ಸಿಂದ ಫಿಟ್ಸ್. ಮೂರು ಥರ ಮಾತ್ರೆ ತಗೊಂಡ್ರೂ ವಾರಕ್ಕೊಂದು ಬಂದೇ ಬರೋದು. ಕುಕ್ ಟೌನಲ್ಲಿ ಎಲ್‌ಕೆಜಿ ಟೀಚರ್ ಅವ್ಳು. ಒಂದಿನ ಕ್ಲಾಸಲ್ಲೇ ಬಿದ್ಲು, ಮಕ್ಕಳೆಲ್ಲ ಹೆದರ್ಕೊಂಡು ಅತ್ವು. ಮನೆಗೆ ಬಂದವಳೇ "ಆಪರೇಷನ್ ಮಾಡ್ಸ್ಕೋತೀನಿ" ಅಂದ್ಬಿಟ್ಲು.

ಡಾಕ್ಟ್ರು ಏನೂ ಮುಚ್ಚಿಡ್ಲಿಲ್ಲ. "ಮೆದುಳಲ್ಲಿ ಎಡಗಡೆ ಕಿವಿ ಹತ್ರದ ಜಾಗದಿಂದ್ಲೇ ಬರ್ತಿದೆ ಅಂತ ಗೊತ್ತಾದ್ರೆ ಅಷ್ಟನ್ನ ತೆಗೀಬಹುದು. ಫಿಟ್ಸ್ ನಿಲ್ಲೋ ಸಾಧ್ಯತೆ ಚೆನ್ನಾಗಿದೆ, ಗ್ಯಾರಂಟಿ ಕೊಡಲ್ಲ. ಆದ್ರೆ ಮಾತೂ ಅಲ್ಲೇ ಪಕ್ಕದಲ್ಲಿದೆ. ಜನರ, ಸಾಮಾನಿನ ಹೆಸರುಗಳು ಬೇಗ ನಾಲಿಗೆಗೆ ಬರ್ದೇ ಹೋಗ್ಬಹುದು. ಅಪರೂಪಕ್ಕೆ ರಕ್ತಸ್ರಾವ ಆಗಿ ಕೈಕಾಲು ಸೋಲೋದೂ ಉಂಟು."

ಮೊದ್ಲು ಜಾಗ ಖಚಿತ ಆಗ್ಬೇಕು. ಅದಕ್ಕೆ ಮಾತ್ರೆ ನಿಲ್ಸಿ, ವೈರು ಹಾಕಿ, ಕ್ಯಾಮೆರಾ ಮುಂದೆ ಫಿಟ್ಸ್ ಬರೋದನ್ನ ಕಾಯ್ಬೇಕು. ಐದು ದಿನ ಆಯ್ತು, ಒಂದೂ ಬರ್ಲಿಲ್ಲ. ನಾಳೆ ಬೆಡ್ ಖಾಲಿ ಮಾಡಿ ಅಂದ್ರು.

ಅಮ್ಮ ದಿನಾ ಸಂಜೆ ಮರ್ಫಿ ಟೌನಿಂದ ಕ್ಯಾರಿಯರ್ ತರೋಳು. ಅವತ್ತು ಅಕ್ಕ ತಿಂದು ಉಳಿಸಿದ್ದ ಮೊಸರನ್ನ ಒಂದ್ತುತ್ತು ಬಾಯಿಗೆ ಹಾಕ್ಕೊಂಡೆ. ಕಹಿ ಅಂದ್ರೆ ಕಹಿ!

"ಅಮ್ಮಾ, ಏನಿದು?"

ಅಮ್ಮ ಸೆರಗು ಹಿಂಡ್ತಾ ನಿಂತ್ಲು. "ದಿನಾ ಮಾತ್ರೆ ಪುಡಿ ಮಾಡಿ ಕಲಸ್ತಿದ್ದೆ. ಹದಿನೈದು ವರ್ಷ ಎಂಟ್ಗಂಟೆಗೆ ಕೈಯಾರೆ ಕೊಟ್ಟೋಳು ನಾನು. ಈಗ ಮಗಳು ಬೀಳ್ಲಿ ಅಂತ ಕಾಯ್ಕೊಂಡು ಕೂತ್ಕೊಳ್ಲಾ?"

"ನನಗ್ಯಾಕೋ ಡೌಟಿತ್ತು, ಮೊಸರು ಹಳೇದೇನೋ ಅನ್ಕೊಂಡೆ" ಅಂದ್ಲು ಅಕ್ಕ. ಆಮೇಲೆ ಮೆತ್ತಗೆ, "ಅಮ್ಮಾ, ನಾನಿಲ್ಲಿ ಬೀಳಕ್ಕೇ ಬಂದಿರೋದು."

ನಾನು ಹೋಗಿ ಡಾಕ್ಟ್ರಿಗೆ ಹೇಳ್ಬಿಟ್ಟೆ. ಬೈದ್ರು, ಮೂರು ದಿನ ಜಾಸ್ತಿ ಕೊಟ್ರು.

ಎರಡನೇ ದಿನ ಸಂಜೆ ಅಕ್ಕ ಮಾತಾಡ್ತಿದ್ದೋಳು ಸುಮ್ನಾದ್ಲು. ತುಟಿ ಚಪ್ಪರಿಸೋಕೆ ಶುರು ಮಾಡಿದ್ಲು. ಫಿಟ್ಸ್ ಬಂದ್ರೆ ಒತ್ತಿ ಅಂತ ಕೊಟ್ಟಿದ್ದ ಬಟನ್ ಒತ್ತಿದೆ ನಾನು. ಬಂತು ಅಂತ ಖುಷಿ ಆಯ್ತು ನೋಡು, ಆ ಖುಷಿಗೆ ಇವತ್ತೂ ನಾಚಿಕೆ ಆಗುತ್ತೆ. ಅಮ್ಮ ಅಕ್ಕನ ಪಾದ ಹಿಡ್ಕೊಂಡು ಕೂತಿದ್ಲು, ಕಣ್ಣು ಮುಚ್ಚಲಿಲ್ಲ. ಇನ್ನೆರಡು ಬಂದ್ವು. ಮೂರೂ ಅದೇ ಜಾಗದಿಂದ.

ಆಪರೇಷನ್ ಆಗಿ ಏಳು ತಿಂಗಳು. ಫಿಟ್ಸ್ ಒಂದೂ ಬಂದಿಲ್ಲ, ಇಲ್ಲೀವರೆಗೆ. ಮಾತ್ರೆ ಇನ್ನೂ ಇದೆ, ಏಕ್ದಂ ನಿಲ್ಸೋಹಾಗಿಲ್ಲ. ಸ್ಕೂಲಿಗೆ ಇನ್ನೂ ಹೋಗ್ತಿಲ್ಲ. ಮಕ್ಕಳ ಫೋಟೋ ಇಟ್ಕೊಂಡು ಹೆಸರು ಪ್ರಾಕ್ಟೀಸ್ ಮಾಡ್ತಾಳೆ.

ನಿನ್ನೆ ಎಂಟ್ಗಂಟೆಗೆ ಅಮ್ಮ ಮಾತ್ರೆ ತಂದ್ಲು. ಅಕ್ಕ ಕೈ ಚಾಚಿ, "ಅಮ್ಮಾ, ನೀರಿಂದು... ಅದು... ಅದು ಕೊಡು" ಅಂದ್ಲು. ಆ ಪದ ನನ್ನ ನಾಲಿಗೆ ತುದಿಗೆ ಬಂದಿತ್ತು, ಹೇಳ್ಬೇಡ ಅಂತ ಅಮ್ಮ ಕಣ್ಣಲ್ಲೇ ಗದರಿದ್ಲು. ಅಮ್ಮ ಸ್ಟೀಲ್ ಲೋಟ ಕೈಯಲ್ಲೇ ಹಿಡ್ಕೊಂಡು ಕಾದ್ಲು.

"ಲೋಟ" ಅಂದ್ಲು ಅಕ್ಕ.

ಆಗ ಕೊಟ್ಲು ಅಮ್ಮ.