ನಾನೇ ಕಲಿತೆ ಅಂದ ದಿನ

ಮೂಡಿಗೆರೆಯಲ್ಲಿ ನಮ್ಮ ಫಿಯೆಟ್ ರಿಪೇರಿ ಮಾಡುತ್ತಿದ್ದ ಗ್ಯಾರೇಜಿನ ಸಾಹೇಬರೇ ನನಗೆ ರೇಸಿನಲ್ಲಿ ಕಾರು ಓಡಿಸುವುದನ್ನು ಕಲಿಸಿದವರು. ಎಂಬತ್ತರ ದಶಕದ ಆರಂಭದ ಮಾತು. ಬೇಸಿಗೆಯಲ್ಲಿ ಕಾಫಿ ಪ್ಲಾಂಟರ್ ಮನೆಗಳ ಹುಡುಗರೆಲ್ಲ ಸೇರಿ ಬಯಲಿನಲ್ಲಿ ಸುಣ್ಣದ ಗೆರೆ ಎಳೆದು ರೇಸು ನಡೆಸುತ್ತಿದ್ದೆವು. ನಾನು ತಿರುವಿಗೆ ನುಗ್ಗಿದ ಮೇಲೆ ಬ್ರೇಕ್ ತುಳಿದು ಸ್ಟಿಯರಿಂಗ್ ಎಳೆದಾಡುತ್ತಿದ್ದೆ. ಪಕ್ಕದಲ್ಲಿ ಕೂತ ಸಾಹೇಬರು ಕಣ್ಣು ಮುಚ್ಚಿಕೊಂಡು, "ಮೆಲ್ಲ ಮಾರಾಯ್ರೇ, ಕಾರಿಗೆ ನೋವಾಗ್ತದೆ" ಅನ್ನುತ್ತಿದ್ದರು. ಬ್ರೇಕು ತಿರುವಿಗೆ ಮೊದಲೇ ಮುಗಿಯಬೇಕು, ಸ್ಟಿಯರಿಂಗು ಒಂದೇ ಸಲಕ್ಕೆ ಮೆತ್ತಗೆ ತಿರುಗಬೇಕು. ದೇವರಮನೆ ಗುಡ್ಡದ ತಿರುವು ರಸ್ತೆಯಲ್ಲಿ ತಿಂಗಳುಗಟ್ಟಲೆ ಇದೇ ಪಾಠ.

ಆ ವರ್ಷ ನಾನು ಗೆದ್ದೆ. ದೊಡ್ಡ ಎಸ್ಟೇಟಿನ ಯಜಮಾನರೊಬ್ಬರು ಕೈ ಕುಲುಕಿ, "ಇಷ್ಟು ನಯವಾಗಿ ಓಡಿಸೋಕೆ ಯಾರು ಕಲಿಸಿದ್ದು?" ಎಂದು ಕೇಳಿದರು.

"ಯಾರೂ ಇಲ್ಲ, ನಾನೇ ಕಲಿತೆ" ಅಂದೆ.

ಸಾಹೇಬರು ಎರಡು ಹೆಜ್ಜೆ ಆಚೆ ಬಾನೆಟ್ ಎತ್ತಿ ಬಗ್ಗಿ ನಿಂತಿದ್ದರು. ತಲೆ ಎತ್ತಲಿಲ್ಲ.

ಮುಂದಿನ ವಾರ ಗ್ಯಾರೇಜಿಗೆ ಹೋಗಿ, ಒಂದು ಸುತ್ತು ಬನ್ನಿ ಎಂದು ಕರೆದೆ. "ಇನ್ನು ನಾನು ಯಾಕೆ, ನೀವೇ ಚೆನ್ನಾಗಿ ಓಡಿಸ್ತೀರಿ" ಎಂದು ನಕ್ಕು ನನಗೆ ಚಹಾ ತರಿಸಿದರು. ತಪ್ಪಾಯ್ತು ಅನ್ನಬೇಕೆಂದೇ ಹೋಗಿದ್ದೆ. ಚಹಾ ಕುಡಿದು, ಟೈರು ಬದಲಿಸಬೇಕಾ ಎಂದು ಕೇಳಿ ವಾಪಸು ಬಂದೆ.